ಮಾತಿನ ಮೇಲೆ ಹಾಡಬಾರದು

ಆ ಸಂಗೀತಗಾರನನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಕಪ್ಪು ಅಂಗಿ, ಕಪ್ಪು ಪ್ಯಾಂಟು, ಮುಖದಲ್ಲಿ ಸದಾ ಸೂತಕದ ಕಳೆ. ಆಕ್ಲೆಂಡಿನಲ್ಲಿ ಹುಟ್ಟಿ, ಬೀಚಿನಲ್ಲಿ ಆಡಿ ಬೆಳೆದು, ಹೊತ್ತು ಹೊತ್ತಿಗೆ ಉಂಡ ಮನುಷ್ಯ. ಬಾಯಿ ಬಿಟ್ಟರೆ ಮಾತ್ರ ಜಗತ್ತಿನ ನೋವಿಗೆಲ್ಲ ತಾನೇ ಏಜೆಂಟ್ ಎಂಬ ಧಾಟಿ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸು. ಅದೇ ಊರಿನ ಒನೆಹುಂಗಾ ಬಡಾವಣೆಯ ಒಬ್ಬ ಅಜ್ಜಿಯ ಕಾಲಿನ ಹುಣ್ಣು ನನ್ನ ಪಾಲಿಗೆ ಬಂದಿತ್ತು. ಹುಡುಗಿಯಾಗಿದ್ದಾಗ ನಾಜಿಗಳ ಕ್ಯಾಂಪಿನಿಂದ ಬದುಕಿ ಬಂದವಳು. ಅದನ್ನೆಲ್ಲ ಬರೆದು ಸಣ್ಣದೊಂದು ಪುಸ್ತಕ ಮಾಡಿಸಿದ್ದಳು. ಆ ಪುಸ್ತಕಕ್ಕೆ ಗೌರವ ಸಲ್ಲಿಸಲು ಈ ಮಹಾಶಯ ಒಂದು ಕೃತಿ ಕಟ್ಟುತ್ತಿದ್ದ. ಪಿಟೀಲು, ಡ್ರಮ್ಮು, ಹಿಂದೆ ದೊಡ್ಡ ಪರದೆಯ ಮೇಲೆ ವಿಡಿಯೊ, ನಡುನಡುವೆ ಪುಸ್ತಕದ ಪುಟಗಳನ್ನು ಓದಲು ಒಬ್ಬ ನಟಿ. ಅಜ್ಜಿಯ ಮನೆಗೆ ಬಂದಿದ್ದಾಗ, ನಾನು ಪಟ್ಟಿ ಸುತ್ತುತ್ತಾ ಗುನುಗುತ್ತಿದ್ದುದನ್ನು ಕೇಳಿ ನನ್ನನ್ನೂ ಹಿಡಿದುಹಾಕಿದ. ನಾನು ಮೈಸೂರಿನಲ್ಲಿ ಗಮಕ ಕಲಿತವಳು, ಕಾವ್ಯವನ್ನು ರಾಗವಾಗಿ ವಾಚಿಸುವುದು ನನ್ನ ವಿದ್ಯೆ ಎಂದೆ. ಅವನಿಗೆ ಅದೆಲ್ಲ ಬೇಡ. ಪದವೇ ಇಲ್ಲದ, ಪುರಾತನವಾದ ಒಂದು ಗೋಳು ಬೇಕಂತೆ. ಆ ತಂಡದವರ ನಡುವೆ ತನ್ನ ಕಡೆಯವಳು ಒಬ್ಬಳಿರಲಿ ಎಂದು ಅಜ್ಜಿ ಕೇಳಿಕೊಂಡದ್ದಕ್ಕೆ ಒಪ್ಪಿದೆ.

ಅಜ್ಜಿಗೆ ಬೇಕಾಗಿದ್ದುದು ಒಂದೇ ಪುಟ, ಅಕ್ಕನ ಪುಟ. ಕ್ಯಾಂಪಿನಲ್ಲಿ ಅಕ್ಕ ತಂಗಿ ಒಂದೇ ಹಲಗೆಯ ಮೇಲೆ ಮಲಗುತ್ತಿದ್ದರು. ಅಕ್ಕ ಗೊರಕೆ ಹೊಡೆಯುತ್ತಿದ್ದಳು. ಬೆಳಗ್ಗೆ ಎದ್ದು, ನಾನಲ್ಲ ನೀನೇ ಎಂದು ಸಾಧಿಸುತ್ತಿದ್ದಳು. ಗೊರಕೆ ಯಾರದೆಂದು ತಿಳಿಯದೆ, ಉಳಿದ ಹೆಂಗಸರು ಇಬ್ಬರಿಗೂ ಬೈಯುತ್ತಿದ್ದರು. ಆ ಜಗಳ ಮುಗಿಯುವ ಮೊದಲೇ ಅಕ್ಕನನ್ನು ಕರೆದೊಯ್ದರು. ಅವಳದೊಂದು ಫೋಟೊ ಕೂಡ ಉಳಿದಿರಲಿಲ್ಲ. ಅವಳನ್ನು ಬಲ್ಲವಳು ಈ ಅಜ್ಜಿಯೊಬ್ಬಳೇ. ತಾನು ಸಾಯುವ ಮುಂಚೆ ಆ ಪುಟ ನಾಲ್ಕು ಜನರ ಕಿವಿಗೆ ಬೀಳಬೇಕು ಎಂಬುದಷ್ಟೇ ಅವಳ ಆಸೆ.

ಇಂಥ ಗಂಭೀರ ಕೃತಿಯಲ್ಲಿ ಗೊರಕೆಯೇ ಎಂದು ಸಂಗೀತಗಾರ ಮುಖ ಸಿಂಡರಿಸಿದ. ಅಜ್ಜಿ ಹಟ ಹಿಡಿದಾಗ ಪುಟವನ್ನು ಇಟ್ಟುಕೊಂಡ, ಆದರೆ ಅದರ ಮೇಲೆ ನನ್ನ ಗೋಳನ್ನೂ ಪಿಟೀಲುಗಳನ್ನೂ ಹೇರಿದ. ಪರದೆಗೆ ಯಾರೋ ಚೆಂದದ ಹುಡುಗಿಯ ಚಿತ್ರ ತಂದ. ನಮ್ಮಕ್ಕನ ಮೂಗು ಬದನೆಕಾಯಿಯ ಹಾಗಿತ್ತು ಎಂದು ಅಜ್ಜಿ ಹೇಳಿದರೆ, ಇದು ಸಾಂಕೇತಿಕ ಎಂದು ಅವಳನ್ನೇ ತಿದ್ದಿದ. ತಾಲೀಮಿನಲ್ಲಿ ನಟಿಯ ಒಂದು ಪದವೂ ಕೇಳಿಸಲಿಲ್ಲ.

ಗಮಕದಲ್ಲಿ ಒಬ್ಬರು ಪದ್ಯ ವಾಚಿಸುತ್ತಾರೆ, ಪಕ್ಕದಲ್ಲಿ ಕೂತವರು ಅರ್ಥ ಹೇಳುತ್ತಾರೆ. ಅರ್ಥ ಹೇಳುವವರು ಬಾಯಿ ತೆರೆದರೆ ವಾಚಿಸುವವರು ಬಾಯಿ ಮುಚ್ಚಬೇಕು. ಮಾತಿನ ಮೇಲೆ ಹಾಡಿದರೆ ನನ್ನ ಗುರುಗಳು ತೊಡೆ ಚಿವುಟುತ್ತಿದ್ದರು. ಇದನ್ನು ಅವನಿಗೂ ಹೇಳಿದೆ.

"ಪದಗಳು ಕೇಳಿಸಬೇಕಾಗಿಲ್ಲ. ಅವು ಬರೀ ಟೆಕ್ಸ್ಚರ್," ಎಂದ.

ಸತ್ತ ಹುಡುಗಿಯೊಬ್ಬಳು ಈ ಮಾರಾಯನಿಗೆ ಟೆಕ್ಸ್ಚರ್. ಅಲ್ಲೇ ಕಪಾಳಕ್ಕೆ ಬಿಡಬೇಕು ಅನ್ನಿಸಿತು.

ಪ್ರದರ್ಶನ ಭಾನುವಾರ ಮಧ್ಯಾಹ್ನ. ವಿರಾಮದಲ್ಲಿ ಜನ ವೈನು ಹೀರುತ್ತಾ, ಕಣ್ಣೊರೆಸಿಕೊಳ್ಳುತ್ತಾ, ಪಾರ್ಕಿಂಗಿಗೆ ಜಾಗವಿಲ್ಲವೆಂದು ದೂರುತ್ತಿದ್ದರು. ಸ್ಯಾಂಡ್ರಿಂಗಮ್ ಬಡಾವಣೆಯಿಂದ ನಮ್ಮ ಕನ್ನಡದ ದಂಡೂ ಬಂದಿತ್ತು. ಅಜ್ಜಿ ಯಾರು, ಏನು ಎಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ನನಗೆ ಹೊದಿಸಲು ಶಾಲು ಮಾತ್ರ ತಂದಿದ್ದರು.

ಅಕ್ಕನ ಪುಟ ಬಂತು. ಪಿಟೀಲಿನವರು ನನ್ನ ದನಿ ಹಿಡಿದು ಹೊರಡಬೇಕಿತ್ತು. ನಟಿ ಬಾಯಿ ತೆರೆದಳು, ನಾನು ಮುಚ್ಚಿದೆ. ಪಿಟೀಲಿನವರು ಕಮಾನು ಎತ್ತಿ ಹಿಡಿದು ನನ್ನ ಮುಖ ನೋಡುತ್ತಾ ಕೂತರು. ಸಂಗೀತಗಾರ ಕಾಗೆ ಓಡಿಸುವವನ ಹಾಗೆ ಕೈ ಬೀಸಿದ. ನಾನು ಅತ್ತ ತಿರುಗಲಿಲ್ಲ. ಗೊರಕೆಯ ಜಗಳ ಪದಪದವಾಗಿ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಉಳಿದವರು ನಗಬಹುದೋ ಬಾರದೋ ಎಂದು ಅಕ್ಕಪಕ್ಕ ನೋಡಿಕೊಂಡು, ಆಮೇಲೆ ತಡೆಯಲಾರದೆ ನಕ್ಕರು. ಅಕ್ಕನನ್ನು ಕರೆದೊಯ್ದ ಸಾಲು ಬಂದಾಗ ನಗು ಅರ್ಧಕ್ಕೇ ನಿಂತಿತು.

ಮುಗಿದ ಮೇಲೆ ಸಂಗೀತಗಾರ ಬಂದು, ನಿನಗೆ ಶಿಸ್ತೇ ಇಲ್ಲ ಎಂದು ಹಲ್ಲು ಕಡಿದ. ಸ್ವಲ್ಪ ಹೊತ್ತಿಗೆ ನೋಡಿದರೆ, ಆ ಮೌನವನ್ನು ತಾನು ತಿಂಗಳುಗಟ್ಟಲೆ ಚಿಂತಿಸಿ ಇಟ್ಟದ್ದೆಂದು ಪತ್ರಿಕೆಯವಳೊಬ್ಬಳಿಗೆ ವಿವರಿಸುತ್ತಿದ್ದಾನೆ. ನನ್ನ ಶಾಲು ಅವನ ಹೆಗಲ ಮೇಲಿತ್ತು. ಹೊದಿಸಿದವರು ನಮ್ಮವರೇ.

"ಮಧ್ಯದಲ್ಲಿ ಹಾಡೋದೇ ಮರ್ತೋದ್ಯಲ್ಲಮ್ಮಾ," ಎಂದರು ದಂಡಿನ ಯಜಮಾನರಾದ ಅಂಕಲ್. "ಪಾಪ, ಆತ ಹೆಂಗೋ ಮ್ಯಾನೇಜ್ ಮಾಡ್ದ."

ನಾನು ಅವರನ್ನು ಬಿಟ್ಟು ಮುಂದಿನ ಸಾಲಿಗೆ ಹೋದೆ. ಅಜ್ಜಿ ಗಾಲಿಕುರ್ಚಿಯಲ್ಲಿ ಖಾಲಿ ವೇದಿಕೆಯನ್ನು ನೋಡುತ್ತಾ ಕೂತಿದ್ದಳು. ಎಲ್ಲರಿಗೂ ಕೇಳಿಸಿತಾ ಎಂದು ಕೇಳಿದಳು. ಕೇಳಿಸಿತು, ನಕ್ಕರು ಕೂಡ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಗೊರಕೆ ನನ್ನದೇ ಇದ್ದಿರಬಹುದು," ಎಂದಳು. "ಹೌದೋ ಅಲ್ಲವೋ ಹೇಳಲು ಆ ಹಲಗೆಗಳ ಮೇಲಿದ್ದವರಲ್ಲಿ ಒಬ್ಬರೂ ಉಳಿದಿಲ್ಲ."