ದಾರಿಯ ಬಲೆ ಬಿಡಿಸುತ್ತಿದ್ದ ಬೀಡಿಯಕ್ಕ

ನಮ್ಮ ನೆರೆಮನೆಯ ಬೀಡಿಯಕ್ಕ, ಕಟ್ಟಿದ ಬೀಡಿ ಕೊಡಲು ಬೆಳಿಗ್ಗೆ ಪುಂಜಾಲಕಟ್ಟೆಗೆ ಹೊರಟರೆಂದರೆ ನೀರು ಹರಿಯುವ ತೋಡಿನ ಬದಿಯ ಕಾಲುದಾರಿಯಲ್ಲಿ ಅವರದ್ದೇ ಮೊದಲ ಹೆಜ್ಜೆ. ತಲೆಯಲ್ಲಿ ಬುಟ್ಟಿ, ಕೈಯಲ್ಲೊಂದು ಕೋಲು. ದಾರಿಗೆ ಅಡ್ಡವಾಗಿ ನೇಯ್ದಿದ್ದ ಜೇಡರ ಬಲೆಗಳನ್ನೆಲ್ಲ ಕೋಲಿಗೆ ಸುತ್ತುತ್ತಾ, ಶಾಲೆಯ ಬಸ್ಸಿಗೆಂದು ಹಿಂದೆ ಬರುತ್ತಿದ್ದ ಮಕ್ಕಳಾದ ನಮಗೆ ಹೇಳುವರು: "ಬಲೆ ನಾನು ತೆಗೆದಿದ್ದೇನೆ, ನೀವು ಮಾತಾಡಿಕೊಂಡು ಬನ್ನಿ."

ಒಮ್ಮೆ ಬಸ್ಸು ತಪ್ಪೀತೆಂದು ಅವರನ್ನು ದಾಟಿ ಓಡಿದೆ. ಮುಖಕ್ಕೆ ಬಲೆ ಮೆತ್ತಿತು. "ಬಾಸಿಂಗ ಚಂದ ಉಂಟು ಮಾರಾಯ, ಮದುಮಗಳು ಎಲ್ಲಿ?" ಎಂದು ನಗುತ್ತಾ ಸೆರಗಿನಿಂದ ಒರೆಸಿದರು.

ಈಗ ಎಲ್ಲರೂ ರಿಕ್ಷಾದಲ್ಲಿ ಹೋಗುತ್ತಾರೆ. ಅಕ್ಕ ತೀರಿಕೊಂಡ ಮೇಲೆ ಮೊನ್ನೆಯೇ ನಾನು ಆ ದಾರಿ ಹಿಡಿದದ್ದು. ಮೊದಲ ತಿರುವಿನಲ್ಲೇ ಬಲೆ ಮುಖಕ್ಕೆ ಮೆತ್ತಿತು. ಒರೆಸಿಕೊಳ್ಳದೆ, ಹಿಂದಿನಿಂದ ಆ ನಗು ಕೇಳೀತೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತೆ.