ತಿಂಗಳ ಕೊನೆಯ ಉಪವಾಸ

ಹುಣಸೆಹಣ್ಣು ಹಚ್ಚಿ ದೇವರ ದೀಪ ಉಜ್ಜುತ್ತಾ ಕೂತಿದ್ದೆ. ಆಗ ಫೋನ್ ಬಂತು. ಕೈಯೆಲ್ಲ ಹುಳಿ. ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ನರಸಿಂಹರಾಜಪುರದಿಂದ ನನ್ನ ಅಕ್ಕನ ಮಗಳು ಸೌಮ್ಯ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಗಂಡ ಮೊಬೈಲ್ ಅಂಗಡಿಯಲ್ಲಿ ಸಂಬಳಕ್ಕಿದ್ದಾನೆ.

"ಚಿಕ್ಕಮ್ಮ, ನಾನು ಸೋಮವಾರ, ಶನಿವಾರ ಉಪವಾಸ ಹಿಡಿದಿದ್ದೇನೆ" ಎಂದಳು. ಮಾಣಿಕ್ಯ ಸಿಕ್ಕಿದವರ ದನಿ.

ನಾನು ಶಿವನ ಸುದ್ದಿ ಎತ್ತಲಿಲ್ಲ. "ಇವತ್ತು ತಾರೀಕೆಷ್ಟೇ?" ಎಂದು ಕೇಳಿದೆ.

"ಇಪ್ಪತ್ತಾರು. ಎಂತಕ್ಕೆ?"

ಎಂತಕ್ಕೆ ಎಂದು ಅವಳಿಗೆ ಹೇಳುವ ಮೊದಲು ನಿಮಗೆ ಹೇಳಬೇಕು.

ನಾವು ಕೊಪ್ಪಕ್ಕೆ ಬಂದದ್ದು ಮದುವೆಯ ಹೊಸದರಲ್ಲಿ. ಇವರು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಒಂದು ಕೋಣೆ, ಅಡುಗೆಗೆ ಒಂದು ಮೂಲೆ, ಗೋಡೆಯಾಚೆ ಬಾಡಿಗೆ ಮನೆಯ ಯಜಮಾನಿ ಜುಲೇಖಕ್ಕ. ಸಂಬಳವೆಂಬುದು ನಮ್ಮ ಮನೆಗೆ ಅವಸರದ ನೆಂಟರ ಹಾಗೆ ಬರುತ್ತಿತ್ತು. ಚಪ್ಪಲಿ ಕೂಡ ಬಿಡದೆ, ಬಾಗಿಲಲ್ಲೇ ನಿಂತು, ಬಾಡಿಗೆ, ಹಾಲು, ಕರೆಂಟು, ಬೈಕಿನ ಕಂತು ಎಂದು ಎಲ್ಲರನ್ನೂ ಮಾತಾಡಿಸಿ ಹೊರಟುಬಿಡುತ್ತಿತ್ತು. ಗ್ಯಾಸ್ ಸಿಲಿಂಡರಿಗಂತೂ ಕ್ಯಾಲೆಂಡರ್ ಓದಲು ಬರುತ್ತಿತ್ತೋ ಏನೋ, ಕೊನೆಯ ವಾರ ಬಿಟ್ಟು ಬೇರೆ ಯಾವತ್ತೂ ಖಾಲಿಯಾದದ್ದಿಲ್ಲ. ದುಂದು ಮಾಡಿದ್ದರೆ ಬೈದುಕೊಳ್ಳಬಹುದಿತ್ತು. ಏನನ್ನೂ ಮಾಡದೆ ಖಾಲಿಯಾಗುವವರು ಯಾರನ್ನು ಬೈಯಬೇಕು ಹೇಳಿ.

ಆಗ ನನಗೆ ಭಕ್ತಿ ಜಾಸ್ತಿಯಾಯಿತು. ಮೊದಲು ಸೋಮವಾರ ಹಿಡಿದೆ. ಆಮೇಲೆ ಶನಿವಾರ. ಗುರುವಾರಕ್ಕೂ ಗುರುಗಳಿದ್ದರು. ನಡುವೆ ಸಂಕಷ್ಟಿ ಬಂದರೆ ಅದು ನನ್ನ ಪುಣ್ಯ. ದೇವರಿಗೆ ಮೋಸ ಮಾಡಿದೆ ಎಂದುಕೊಳ್ಳಬೇಡಿ. ಮಿಂದು, ಮಡಿಯುಟ್ಟು, ದೀಪ ಹಚ್ಚಿ ಮನಸ್ಸಿಟ್ಟೇ ಕೈಮುಗಿದಿದ್ದೇನೆ. ಬೇಡಿಕೆ ಮಾತ್ರ ಒಂದೇ: ಡಬ್ಬದ ಅಕ್ಕಿ ಒಂದನೇ ತಾರೀಕಿನವರೆಗೆ ಬರಲಿ. ನಾನೊಬ್ಬಳು ಉಣ್ಣದಿದ್ದರೆ ಬರುತ್ತಿತ್ತು ಕೂಡ. ಅದನ್ನೂ ದೇವರ ದಯೆಯ ಲೆಕ್ಕಕ್ಕೇ ಹಾಕುತ್ತಿದ್ದೆ.

ಆದರೆ ಇವರಿದ್ದಾರಲ್ಲ! ಹೆಂಡತಿಯ ಭಕ್ತಿ ಕಂಡು ಹಿಗ್ಗಿಹೋದರು. ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದರು. ಉಪವಾಸದ ದಿನ ಸಂಜೆ ಬರುವಾಗ ಕೈಯಲ್ಲಿ ಏಲಕ್ಕಿ ಬಾಳೆಹಣ್ಣು, ಅವಲಕ್ಕಿ, ಒಂದು ಪ್ಯಾಕೆಟ್ ಹಾಲು. "ಬರೀ ಹೊಟ್ಟೇಲಿ ಇರಬಾರದು ಮಾರಾಯ್ತಿ, ಫಲಾಹಾರ ಮಾಡು" ಎನ್ನುವರು. ಎಲ್ಲವೂ ಮೂಲೆ ಅಂಗಡಿಯ ಸಾಲದಲ್ಲಿ. ಉಂಡಿದ್ದರೆ ಒಂದು ಹಿಡಿ ಅಕ್ಕಿ ಹೋಗುತ್ತಿತ್ತು. ಉಣ್ಣದೇ ಇದ್ದದ್ದಕ್ಕೆ ಬಾಳೆಹಣ್ಣಿನ ಬಾಕಿ ಬೆಳೆಯಿತು! ಬೇಡ ಎನ್ನುವ ಹಾಗಿಲ್ಲ, ಯಾಕೆ ಬೇಡ ಎಂದು ಹೇಳುವ ಹಾಗೂ ಇಲ್ಲ. ಆ ಹಣ್ಣು ಸುಲಿಯುವಾಗ ನನಗೆ ಬರುತ್ತಿದ್ದ ಸಿಟ್ಟನ್ನು ಆ ಶಿವನೇ ಬಲ್ಲ.

ಕೊನೆಗೆ ಬಾಯಿ ಬಿಟ್ಟವರು ಜುಲೇಖಕ್ಕ. ಒಂದು ಸಂಜೆ ಇವರು ಚೀಲ ಹಿಡಿದು ಬರುವಾಗ ಅವರು ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿ ಎತ್ತುತ್ತಿದ್ದರು, ನಾನು ಬಾಗಿಲಲ್ಲಿ ನಿಂತಿದ್ದೆ.

"ಅಲ್ಲ ಮಾರಾಯ್ತಿ, ರೋಜಾ ನಾವೂ ಹಿಡೀತೇವೆ. ನಮ್ಮದು ಚಂದ್ರನ್ನ ನೋಡಿ ಬರ್ತದೆ. ನಿನ್ನದೆಂತ, ಸಂಬಳ ನೋಡಿ ಬರ್ತದಾ? ಒಂದನೇ ತಾರೀಕು ಬಂದ್ರೆ ನಿನ್ನ ದೇವರಿಗೆ ರಜೆ!"

ಅವರು ನಗುತ್ತಲೇ ಹೇಳಿದ್ದು. ಇವರು ನಗಲಿಲ್ಲ. ಸೀದಾ ಒಳಗೆ ಹೋಗಿ ಅಕ್ಕಿ ಡಬ್ಬದ ಮುಚ್ಚಳ ತೆಗೆದರು. ನೋಡಿದರು. ಮುಚ್ಚಿದರು.

"ನಾನು ದಿನಾ ಹೊಟ್ಟೆ ತುಂಬ ಉಂಡು, ನನ್ನ ಹೆಂಡ್ತಿ ಭಾರೀ ಭಕ್ತೆ ಅಂತ ಊರಿಡೀ ಹೇಳ್ಕೊಂಡು ಬಂದೆನಲ್ಲೇ! ನನ್ನನ್ನು ಎಂತ ಮಾಡಿಬಿಟ್ಟೆ ನೀನು?"

ನನಗೂ ರೇಗಿತು. "ಅಕ್ಕಿ ಇಲ್ಲ ಅಂತ ಹೇಳಿದ್ರೆ ಎಂತ ಮಾಡ್ತಿದ್ರಿ? ನಿಮ್ಮ ಸಾಹುಕಾರರು ಎದ್ದು ಸಂಬಳ ಜಾಸ್ತಿ ಮಾಡ್ತಿದ್ರಾ?"

"ಇಲ್ಲ. ಅರ್ಧ ಹೊಟ್ಟೆ ಉಣ್ತಿದ್ದೆ. ನಿನ್ನ ಜೊತೆ ಕೂತು."

ನನ್ನ ಉಪವಾಸಗಳು ಅವತ್ತಿಗೇ ಮುಗಿದವು. ಆಮೇಲೆ ಸಂಬಳವೇನೂ ಬೆಳೆಯಲಿಲ್ಲ. ಕೊನೆಯ ವಾರ ಗಂಜಿ, ಉಪ್ಪಿನಕಾಯಿ, ಇಬ್ಬರ ಗೊಣಗಾಟ. ಆದರೆ ಗೊಣಗಲು ಜೊತೆಯಿತ್ತು. ಈಗಲೂ ನಾವು ಸಂಬಳದವರೇ. ಈಗಲೂ ಸಿಲಿಂಡರಿಗೆ ಓದು ಮರೆತಿಲ್ಲ.

"ಚಿಕ್ಕಮ್ಮ, ಇದ್ದೀರಾ?" ಸೌಮ್ಯ ಕರೆಯುತ್ತಿದ್ದಳು.

"ಮನೇಲಿ ಅಕ್ಕಿ ಎಷ್ಟಿದೆ?"

ಅವಳು ಸಣ್ಣಕ್ಕೆ, "ಅವರಿಗೆ ಹೇಳ್ಬೇಡಿ. ಗೊತ್ತಾದ್ರೆ ಬೇಜಾರು ಮಾಡ್ಕೊಳ್ತಾರೆ."

"ಮಾಡ್ಕೊಳ್ಳಲಿ. ನೀನೇ ಹೇಳು."

"ಹೇಗೆ ಹೇಳೋದು ಚಿಕ್ಕಮ್ಮ? ಪಾಪ, ಅವರೂ ಹೋದ ವಾರದಿಂದ ಗುರುವಾರ ಹಿಡಿದಿದ್ದಾರೆ. ರಾತ್ರಿ ಬೇರೆ ಹಸಿವಿಲ್ಲ, ಅಂಗಡೀಲಿ ತಿಂದೆ ಅಂತಾರೆ."

ನನಗೆ ನಗಬೇಕೋ, ಫೋನನ್ನು ನೆಲಕ್ಕೆ ಕುಕ್ಕಬೇಕೋ ತಿಳಿಯಲಿಲ್ಲ. ಇಷ್ಟು ವರ್ಷವಾದರೂ ಸಂಬಳ ಹೀಗೇ, ಮಕ್ಕಳೂ ಹೀಗೇ! ಅಷ್ಟು ಸಣ್ಣ ಮನೆಯಲ್ಲಿ ಇಬ್ಬರು, ಒಬ್ಬರಿಗೊಬ್ಬರು ಮುಚ್ಚಿಟ್ಟು, ಒಂದೇ ಡಬ್ಬದ ಅಕ್ಕಿಯನ್ನು ಇನ್ನೊಬ್ಬರಿಗೆಂದು ಕಾಯುತ್ತಾ ಕೂತಿದ್ದಾರೆ.

"ಕೇಳಿಲ್ಲಿ ಕೂಸೇ" ಎಂದೆ. "ಇವತ್ತು ಸಂಜೆ ಇದ್ದಷ್ಟು ಅಕ್ಕಿ ಹಾಕಿ ಅನ್ನ ಮಾಡು. ಎರಡು ತಟ್ಟೆ ಇಡು. ಅವನು ಹಸಿವಿಲ್ಲ ಅಂದ್ರೂ ಕೂರಿಸು."

"ಇಬ್ಬರಿಗೆ ಸಾಲದು ಚಿಕ್ಕಮ್ಮ."

"ಸಾಲದು ಅಂತ ನನಗೂ ಗೊತ್ತು. ಅವನಿಗೂ ಗೊತ್ತಾಗ್ಲಿ. ನಾಳೆ ಬೆಳಿಗ್ಗೆ ಇಬ್ಬರೂ ಬಸ್ ಹತ್ತಿ ಇಲ್ಲಿಗೆ ಬನ್ನಿ, ಉಂಡ್ಕೊಂಡು ಹೋಗುವಿರಂತೆ."

"ನಾಳೆ ಶನಿವಾರ..." ಎಂದಳು.

"ಶನಿದೇವರ ಹತ್ರ ನಾನು ಮಾತಾಡ್ತೇನೆ" ಎಂದು ಫೋನ್ ಇಟ್ಟೆ.

ಹೊರಗೆ ಮೋಡ ಕಟ್ಟುತ್ತಿತ್ತು. ತಂತಿಯ ಮೇಲಿನ ಬಟ್ಟೆ ತೆಗೆಯಲು ಎದ್ದೆ.