ಕಡಲು ದಾಟಿ ಬಂದ ಹಾಡು

ಕಡಲ ಬದಿಯ ಹೂಡೆಯಲ್ಲಿ ನಮ್ಮ ಪಕ್ಕದ ಮನೆಯ ಟೈಲರಕ್ಕ ಹೊಲಿಗೆ ಮೆಷಿನ್ನಿನ ಮೇಲೆಯೇ ರೇಡಿಯೋ ಇಟ್ಟುಕೊಂಡಿದ್ದರು. ಏಪ್ರಿಲ್ ಸೆಕೆಗೆ ಗಾಳಿ ನಿಂತರೆ, “ಕಡಲು ಎಣ್ಣೆಯ ಹಾಗೆ ಉಂಟು, ಇವತ್ತು ಬರ್ತದೆ” ಎಂದು ಮುಳ್ಳು ತಿರುಗಿಸುವರು. ಅಂಥ ದಿನ ದುಬೈಯ ಎಫ್‌ಎಂ ಕಡಲು ದಾಟಿ ಬರುತ್ತಿತ್ತು. ಅವರ ಗಂಡ ಅಲ್ಲಿ ಲಾರಿ ಓಡಿಸುತ್ತಾ ಕೇಳುತ್ತಿದ್ದುದೂ ಅದನ್ನೇ. ಅರಬ್ಬಿ ಇಬ್ಬರಿಗೂ ಬಾರದು. ಅಕ್ಕ ಗಂಡನಿಗೆ ಫೋನ್ ಮಾಡಿ, “ಈಗ ಹೆಂಗಸು ಹಾಡುವುದು, ಅಲ್ವಾ?” ಎನ್ನುವರು, ಹೌದೆಂದರೆ ಇಟ್ಟುಬಿಡುವರು. ಇದೆಂಥ ಸಂಸಾರ ಎಂದು ನಾವು ನಗುತ್ತಿದ್ದೆವು.

ಗಂಡ ಅಲ್ಲಿಯೇ ತೀರಿಕೊಂಡರು. ಮರುವರ್ಷದ ಏಪ್ರಿಲಿನಲ್ಲಿ ನಾನು ರವಿಕೆ ತರಲು ಹೋದಾಗ ರೇಡಿಯೋ ಸ್ಪಷ್ಟವಾಗಿ ಹಾಡುತ್ತಿತ್ತು.

“ಈಗ ಹೆಂಗಸು ಹಾಡುವುದು, ಅಲ್ವಾ?” ಅಕ್ಕ ನನ್ನನ್ನು ಕೇಳಿದರು.

“ಹೌದಕ್ಕ.”

ರೇಡಿಯೋ ನಿಲ್ಲಿಸಿ ಮೆಷಿನ್ ತುಳಿಯತೊಡಗಿದರು. ಸೂಜಿಯಲ್ಲಿ ನೂಲಿರಲಿಲ್ಲ.